ಕಮಲಕ್ಕನ ಗಡ್ಡೆಯ ಇನ್ನೊಂದು ಅರ್ಧ

ನೆಕ್ರಾಜೆ ಕಡೆ ಎಲ್ಲರೂ ಹೇಳುವ ಕಥೆ ಒಂದೇ. ಬೀಡಿ ಕಟ್ಟುವ ಕಮಲಕ್ಕನ ಕುತ್ತಿಗೆಯಲ್ಲಿ ಒಂದು ಗಡ್ಡೆ ಇತ್ತು. ಪಾಪದ ಗಡ್ಡೆ, ಯಾರ ತಂಟೆಗೂ ಹೋಗದೆ ಹತ್ತು ವರ್ಷ ತನ್ನಷ್ಟಕ್ಕೆ ಕೂತಿತ್ತು. ಡಾಕ್ಟರರು ಅದಕ್ಕೆ ಕತ್ತಿ ತಾಗಿಸಿದರು. ಗಡ್ಡೆಗೆ ಸಿಟ್ಟು ಬಂತು, ಕುತ್ತಿಗೆ ಬಿಟ್ಟು ತಲೆಗೆ ಹತ್ತಿತು. ಇಷ್ಟು ಹೇಳಿ, ಧ್ವನಿ ಸ್ವಲ್ಪ ತಗ್ಗಿಸಿ, “ಮುಟ್ಟಬಾರದಿತ್ತು” ಎಂದು ಮುಗಿಸುತ್ತಾರೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದು ನನ್ನ ಹಳೆಯ ಚಾಳಿ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅದಕ್ಕೇ ಬಹುಮಾನದ ಕಪ್ ತಂದವಳು ನಾನು. ಈ ಸಲ ಮಾತ್ರ ಕಾರಣ ಬೇರೆ. ಆ ಗಡ್ಡೆಯನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಸರಿಯಾಗಿ ಹೇಳುವುದಾದರೆ, ಅದರ ಅರ್ಧವನ್ನು.

ಮೊದಲು ನನ್ನ ವಿಷಯ. ಕಾಸರಗೋಡು ಪೇಟೆಯ ಒಂದು ಲ್ಯಾಬಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ, ಮೂವತ್ತಮೂರನೆಯ ವಯಸ್ಸಿಗೆ ನಿವೃತ್ತಳಾಗಿದ್ದೇನೆ. ನಿವೃತ್ತಿ ಎಂದರೆ ಮಂಗಲ್ಪಾಡಿಯ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಆದರೆ ಗಡ್ಡೆ ಕೆಡದಂತೆ ಇಡುವ ಫಾರ್ಮಲಿನ್ ದ್ರವದ ವಾಸನೆ ಬಂದರೆ ನನಗೆ ಎದೆ ಕಟ್ಟುತ್ತದೆ, ಬೆರಳುಗಳ ಚರ್ಮ ಒಡೆದು ರಕ್ತ ಬರುತ್ತದೆ. ಆ ಕೋಣೆಗೆ ಇನ್ನು ಕಾಲಿಡಕೂಡದು ಎಂದು ಡಾಕ್ಟರರು ಬರೆದುಕೊಟ್ಟಿದ್ದಾರೆ. ಇದಕ್ಕೆ ನಿವೃತ್ತಿ ಎನ್ನದೆ ಬೇರೆ ಏನೆನ್ನಬೇಕು? ಲ್ಯಾಬಿನ ಕೋರ್ಸು ಮುಗಿಸಿ ಈ ಕೆಲಸಕ್ಕೆ ಬರುತ್ತಿರುವವರು ಕೇಳುತ್ತಾರೆ: ಗಡ್ಡೆ ಕೊಯ್ಯುವ ವಿಭಾಗ ಹೇಗೆ? ಪುಸ್ತಕದಲ್ಲಿ ಇರುವುದನ್ನು ನಾನು ಹೇಳಬೇಕಾಗಿಲ್ಲ. ಇಲ್ಲದ್ದನ್ನು ಹೇಳುತ್ತೇನೆ.

ಪುಸ್ತಕದಲ್ಲಿ ಇಲ್ಲದ ಮೊದಲ ವಿಷಯ ಡಬ್ಬಿ. ನಮ್ಮ ಕಡೆ ಆಪರೇಷನ್ ಆದ ಮೇಲೆ ತೆಗೆದ ಗಡ್ಡೆಯನ್ನು ಫಾರ್ಮಲಿನ್ ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಒಂದು ಚೀಟಿ ಅಂಟಿಸಿ, ಮನೆಯವರ ಕೈಗೇ ಕೊಟ್ಟುಬಿಡುತ್ತಾರೆ. “ಲ್ಯಾಬಿಗೆ ಕೊಟ್ಟು ಬನ್ನಿ.” ಅಷ್ಟೆ. ಅವರು ಅದನ್ನು ಬಸ್ಸಿನಲ್ಲಿ ತರುತ್ತಾರೆ. ಜವಳಿ ಅಂಗಡಿಯ ಚೀಲದಲ್ಲಿ, ಟಿಫಿನ್ ಬ್ಯಾಗಿನಲ್ಲಿ, ಟವೆಲಿನಲ್ಲಿ ಸುತ್ತಿ. ಮಡಿಲಲ್ಲಿ ಇಟ್ಟುಕೊಳ್ಳುವವರನ್ನು ನಾನು ಕಂಡಿಲ್ಲ. ಕಾಲಬುಡದಲ್ಲಿ ಇಡಲಿಕ್ಕೂ ಅವರಿಗೆ ಆಗುವುದಿಲ್ಲ, ಅದು ತಮ್ಮವರ ದೇಹವಲ್ಲವೇ. ಹಾಗಾಗಿ ಕೈಯನ್ನು ಮೈಯಿಂದ ದೂರ ಚಾಚಿ, ಅರ್ಧ ಗಂಟೆ ಹಾಗೆಯೇ ಹಿಡಿದುಕೊಂಡು ಬರುತ್ತಾರೆ. ಅನಂತಪುರದ ಕಡೆಯಿಂದ ಒಬ್ಬರು ತಮ್ಮ ತಾಯಿಯ ಡಬ್ಬಿಯನ್ನು ನಮ್ಮ ಗೇಟಿಗೆ ನೇತುಹಾಕಿ ಒಳಗೆ ಬಂದಿದ್ದರು. “ಅದನ್ನು ಹಿಡಿದುಕೊಂಡು ಹೊಸ್ತಿಲು ದಾಟುವುದು ಹೇಗೆ ಮೇಡಂ?” ಎಂದು ಕೇಳಿದರು. ತರ್ಕಕ್ಕೆ ನಿಲ್ಲುವ ಪ್ರಶ್ನೆಯಲ್ಲ ಎಂದುಕೊಂಡೆ. ಗೇಟಿಗೆ ಹೋಗಿ ತಂದವಳು ನಾನೇ. ಹೊಸ್ತಿಲಿನಲ್ಲಿ ನನ್ನ ಕಾಲೂ ಒಂದು ಕ್ಷಣ ತಡೆಯಿತು.

ನಮ್ಮ ಮೇಲಿನವರು ಡಾ. ಲೀಲಾ. ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವ ಪೆಥಾಲಜಿ ಡಾಕ್ಟರ್. ಮನೆಮಾತು ಮಲಯಾಳ, ನಮ್ಮ ಹತ್ತಿರ ಕನ್ನಡ. ಸಿಟ್ಟು ಬಂದರೂ ಧ್ವನಿ ಏರದ ಜಾತಿ. ನಾನು ಸೇರಿದ ವಾರವೇ ನನಗೆ ‘ಲಾಯರು’ ಎಂದು ಹೆಸರಿಟ್ಟರು.

ಬೆನ್ನಿನಿಂದ ತೆಗೆದ ಒಂದು ಕೊಬ್ಬಿನ ಗಡ್ಡೆಯನ್ನೂ ಎದೆಯ ಒಂದು ಗಡ್ಡೆಯನ್ನೂ ಒಟ್ಟಿಗೆ ಇಟ್ಟು ಅವರು ಮೊದಲ ಪಾಠ ಹೇಳಿದರು. ಕೊಬ್ಬಿನದು ಹಳದಿ, ನುಣುಪು, ಸುತ್ತ ತೆಳುವಾದ ಪೊರೆ. ಹಲಸಿನ ಬೀಜ ತೊಳೆಯಿಂದ ಜಾರಿದ ಹಾಗೆ ಸಲೀಸಾಗಿ ಹೊರಗೆ ಬಂದಿತ್ತು. ಎದೆಯದಕ್ಕೆ ಅಂಚೇ ಇಲ್ಲ. ಎಲ್ಲಿ ಗಡ್ಡೆ ಮುಗಿಯಿತು, ಎಲ್ಲಿ ಹೆಂಗಸು ಶುರುವಾದಳು ಎಂದು ತೋರಿಸಲಿಕ್ಕಾಗದು. ಬ್ಲೇಡು ಎಳೆದರೆ ಪೇರಳೆಯ ಬೀಜದ ಭಾಗ ಕೊಯ್ದಂತೆ ಕರಕರ ಎಂದಿತು.

“ಎಂತ ವ್ಯತ್ಯಾಸ, ಹೇಳಿ ಲಾಯರೇ.”

“ಒಂದು ಸಣ್ಣದು, ಇನ್ನೊಂದು ದೊಡ್ಡದು.”

“ದೊಡ್ಡದೇ ಸಾದಾ ಗಡ್ಡೆ. ಗಾತ್ರ ನೋಡಿ ಹೇಳುವುದಾದರೆ ನಾನು ಯಾಕೆ ಬೇಕು? ಇದು ಬದಿಯವರನ್ನು ದೂಡ್ತದೆ, ಅಷ್ಟೆ. ಅದು ಬದಿಯವರ ಒಳಗೆ ಹೋಗ್ತದೆ.”

“ಅಂದರೆ ಶತ್ರು.”

“ಶತ್ರು ಹೊರಗಿನಿಂದ ಬರಬೇಕು. ಇದು ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ. ಮನೆಯದ್ದೇ.”

ಇದು ನನ್ನನ್ನು ಬಹಳ ದಿನ ಕಾಡಿತು. ಎಲ್ಲ ಪೋಸ್ಟರುಗಳಲ್ಲಿ ಕ್ಯಾನ್ಸರ್ ಎಂದರೆ ಯುದ್ಧ, ಕೋಟೆ, ದಾಳಿ. ಸೂಕ್ಷ್ಮದರ್ಶಕದ ಗಾಜಿನ ಕೆಳಗೆ ನಾನು ಕಂಡದ್ದು ಬೇರೆ. ನಮ್ಮ ಪ್ರತಿ ಜೀವಕೋಶದ ಒಳಗೂ ಒಂದು ಬರಹ ಉಂಟು: ಯಾವಾಗ ಎರಡಾಗಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು. ಕೋಶ ಎರಡಾಗುವಾಗಲೆಲ್ಲ ಆ ಬರಹದ ನಕಲು ಆಗಬೇಕು. ನಕಲಿನಲ್ಲಿ ತಪ್ಪು ಬೀಳುತ್ತದೆ. ಹೆಚ್ಚಿನವನ್ನು ದೇಹವೇ ತಿದ್ದುತ್ತದೆ, ತಿದ್ದಲಾಗದಿದ್ದರೆ ಆ ಕೋಶ ಸಾಯುತ್ತದೆ. ಎಲ್ಲೋ ಒಂದು ಉಳಿಯುತ್ತದೆ, ‘ನಿಲ್ಲು’ ಎಂಬುದನ್ನು ಮರೆತು. ಅದರ ಮಕ್ಕಳೂ ಮರೆತವರೇ. ಅಷ್ಟಕ್ಕೇ ನಿಂತರೆ ಸಾದಾ ಗಡ್ಡೆ. ಬೆಳೆಯುತ್ತದೆ, ತನ್ನ ಪೊರೆಯ ಒಳಗೆ ಕೂತಿರುತ್ತದೆ. ವರ್ಷಗಳು ಕಳೆದ ಹಾಗೆ ಕೆಲವು ಗಡ್ಡೆಗಳಲ್ಲಿ ತಪ್ಪಿನ ಮೇಲೆ ತಪ್ಪು ಸೇರುತ್ತದೆ. ಸಾಯುವುದು ಮರೆತುಹೋಗುತ್ತದೆ. ತನ್ನ ಜಾಗ ಯಾವುದೆಂಬುದೂ ಮರೆತುಹೋಗುತ್ತದೆ. ಗಡ್ಡೆ ಒಂದು ಕಾಳಿನಷ್ಟು ಆಗುವಾಗ ಅದಕ್ಕೆ ಆಹಾರ ಸಾಲುವುದಿಲ್ಲ. ಆಗ ಅದು ಸುತ್ತಲಿನ ರಕ್ತನಾಳಗಳನ್ನು ಕರೆಯುತ್ತದೆ. ಅವು ಬರುತ್ತವೆ. ಕರೆದವರು ಯಾರೆಂದು ವಿಚಾರಿಸದೆ ಬರುತ್ತವೆ. ಆ ಮನುಷ್ಯನಿಗೆ ಇದೊಂದೂ ಗೊತ್ತಿರುವುದಿಲ್ಲ. ಅವನು ಆಗ ಉಪ್ಪಳ ಪೇಟೆಯಲ್ಲಿ ಮೀನು ಕೊಳ್ಳುತ್ತಿರುತ್ತಾನೆ.

ನಮ್ಮ ಕೆಲಸ ಈ ಕೋಶಗಳನ್ನು ಇದ್ದಲ್ಲೇ ನಿಲ್ಲಿಸುವುದು. ಗಡ್ಡೆಯ ತುಂಡುಗಳಿಂದ ನೀರು ತೆಗೆದು ಮೇಣ ತುಂಬಿಸಿ, ಬೆಂಕಿಪೊಟ್ಟಣಕ್ಕಿಂತ ಸಣ್ಣ ಬಿಲ್ಲೆ ಮಾಡುತ್ತೇವೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಮೈಕ್ರೊಟೋಮ್ ಎಂಬ ಯಂತ್ರದಲ್ಲಿ ಅದನ್ನು ಕೂದಲಿಗಿಂತ ಎಷ್ಟೋ ತೆಳುವಾಗಿ ಕೊಯ್ದು, ಆ ಪೊರೆಗಳನ್ನು ಬಿಸಿನೀರಿನ ತಟ್ಟೆಯಲ್ಲಿ ತೇಲಿಸಿ, ಗಾಜಿನ ಮೇಲೆ ಎತ್ತಿ, ನೀಲಿ ಮತ್ತು ಗುಲಾಬಿ ಬಣ್ಣ ಕೊಡುತ್ತೇವೆ. ಉಳಿದ ಬ್ಲಾಕು ಕಪಾಟಿಗೆ ಹೋಗುತ್ತದೆ. ನಮ್ಮಲ್ಲಿ ಹತ್ತು ವರ್ಷ ಇಡುವ ಕ್ರಮ. ಒಂದೊಂದು ಡ್ರಾಯರಿನಲ್ಲಿ ನೂರಾರು ಜನ. ಅವರಲ್ಲಿ ಎಷ್ಟೋ ಮಂದಿ ತೀರಿಕೊಂಡಿದ್ದಾರೆ, ಕೆಲವರ ಸುದ್ದಿಯನ್ನು ನಾನೇ ಪೇಪರಿನಲ್ಲಿ ಓದಿದ್ದೇನೆ. ಆದರೆ ಡ್ರಾಯರು ಎಳೆದರೆ, ಅವರ ಒಂದು ತುಂಡು ಆ ದಿನ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿರುತ್ತದೆ. ಎರಡಾಗಲು ಹೊರಟಿದ್ದ ಕೋಶ ಅರ್ಧ ಸೀಳಿ ಹಾಗೆಯೇ ಇರುತ್ತದೆ. ಆ ಕಪಾಟಿಗೆ ಬೆನ್ನು ಹಾಕಿ ಕೂರುವ ಕುರ್ಚಿ ನನ್ನದಾಗಿತ್ತು. ಎರಡನೇ ವರ್ಷ ಕುರ್ಚಿಯನ್ನು ತಿರುಗಿಸಿಕೊಂಡೆ. ಬೆಳಕಿಗಾಗಿ ಎಂದು ಹೇಳಿದ್ದೆ.

ನಾನು ಗೆದ್ದ ಒಂದು ವಾದ ಹೇಳುತ್ತೇನೆ. ಐವತ್ತು ದಾಟಿದ ಹೆಂಗಸೊಬ್ಬರ ಅಂಡಾಶಯದ ಗಡ್ಡೆ ಬಂತು. ಕೊಯ್ದರೆ ಒಳಗೆ ಬೆಣ್ಣೆಯಂಥ ಜಿಡ್ಡು, ಅದರಲ್ಲಿ ಉಂಡೆಯಾಗಿ ಸುತ್ತಿದ ಕೂದಲು, ಬದಿಯಲ್ಲಿ ಒಂದು ಹಲ್ಲು. ವರದಿ ಕೇಳಲು ಬಂದ ಅವರ ಅತ್ತೆಗೆ ಆಸ್ಪತ್ರೆಯಲ್ಲೇ ಯಾರೋ ಹಲ್ಲಿನ ವಿಷಯ ಹೇಳಿಬಿಟ್ಟಿದ್ದರು.

“ಅದು ಹುಟ್ಟದೆ ಉಳಿದ ಮಗುವಲ್ವಾ? ಯಾರೋ ಮಾಟ ಮಾಡಿಸಿದ್ದು.”

“ಅಲ್ಲ ಅಮ್ಮ. ಅಂಡಾಶಯದ ಕೋಶಕ್ಕೆ ದೇಹದ ಯಾವ ಭಾಗವನ್ನು ಬೇಕಾದರೂ ಕಟ್ಟಲಿಕ್ಕೆ ಗೊತ್ತುಂಟು. ಒಂದು ಕೋಶ ತಪ್ಪಿ ಸುಮ್ಮನೆ ಕಟ್ಟಲಿಕ್ಕೆ ಶುರು ಮಾಡಿದೆ. ಚರ್ಮ ಬಂತು, ಚರ್ಮದಲ್ಲಿ ಕೂದಲು ಬಂತು. ಸಾದಾ ಗಡ್ಡೆ. ತೆಗೆದಾಯಿತು, ಮುಗಿಯಿತು.”

“ಮುಗಿಯಿತು ಅಂತ ನೀನು ಹೇಳ್ತಿ.”

“ನಾನಲ್ಲ, ವರದಿ ಹೇಳ್ತದೆ.”

ಅವರು ವರದಿ ತೆಗೆದುಕೊಂಡು ಹೋದರು. ಮಧ್ಯಾಹ್ನ ಆ ಕೂದಲನ್ನು ಸೋಪಿನ ನೀರಿನಲ್ಲಿ ತೊಳೆದವಳು ನಾನು. ಮೊಳದಷ್ಟು ಉದ್ದ, ದಪ್ಪ, ಕಪ್ಪು. ಸೊಸೆಯನ್ನು ನಾನು ನೋಡಿದ್ದೆ, ತಲೆಯೆಲ್ಲ ಬಿಳಿ. ಹೊರಗೆ ಅವರಿಗೆ ವಯಸ್ಸಾಗುತ್ತಿದ್ದಷ್ಟು ಕಾಲವೂ ಕತ್ತಲಲ್ಲಿ ಇದು ಕಪ್ಪಗೆ ಬೆಳೆಯುತ್ತಲೇ ಇತ್ತು. ಇದಕ್ಕೂ ವಿವರಣೆ ಉಂಟು, ನನಗೆ ಗೊತ್ತು. ಗೊತ್ತಿದ್ದೂ ಕೈ ಒರೆಸಿಕೊಂಡು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಂತೆ.

ಇನ್ನು ನನ್ನ ತಪ್ಪುಗಳು. ಮೊದಲನೆಯದು ಸಣ್ಣದು, ಆದರೆ ನೆನಪಿಡಿ, ಮುಂದೆ ಬರುತ್ತದೆ. ಬಿಸಿನೀರಿನ ತಟ್ಟೆಯ ನೀರನ್ನು ಪ್ರತಿ ಬ್ಲಾಕಿಗೂ ಒರೆಸಿ ಶುಚಿ ಮಾಡಬೇಕು. ನಾನು ಒಂದು ದಿನ ಮಾಡಲಿಲ್ಲ. ಒಬ್ಬರ ಕ್ಯಾನ್ಸರಿನ ಒಂದು ಚೂರು ನೀರಿನಲ್ಲಿ ತೇಲಿಕೊಂಡಿದ್ದು, ಮತ್ತೊಬ್ಬರ ಅಪೆಂಡಿಕ್ಸಿನ ಸ್ಲೈಡಿಗೆ ಹತ್ತಿಕೊಂಡಿತು. ಲೀಲಾ ಡಾಕ್ಟರು ನನ್ನನ್ನು ಕರೆದು ಸ್ಲೈಡು ತೋರಿಸಿದರು.

“ಈ ಹುಡುಗನಿಗೆ ಹತ್ತೊಂಬತ್ತು ವರ್ಷ. ಇವನ ಅಪೆಂಡಿಕ್ಸಿನ ಬದಿಯಲ್ಲಿ ಯಾರದ್ದೋ ಎದೆ ಬಂದು ಕೂತಿದೆಯಲ್ಲ, ನೆಂಟರಾ?”

ನಾನು ಸ್ಲೈಡಿನ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದೆ.

“ಗಾಜು ಸುಳ್ಳು ಹೇಳುವುದಿಲ್ಲ ಲಾಯರೇ. ನೀವು ಎಂತ ಇಟ್ಟಿರೋ ಅದನ್ನು ತೋರಿಸ್ತದೆ. ಅಷ್ಟೇ ತೋರಿಸ್ತದೆ.”

ಎರಡನೆಯ ತಪ್ಪು ಕಮಲಕ್ಕನ ಗಡ್ಡೆಯ ವಿಷಯದಲ್ಲಿ ಆದದ್ದು. ನನ್ನ ಮೂರನೇ ವರ್ಷ. ಡಬ್ಬಿ ತಂದವರು ಅವರ ತಮ್ಮ ಐತಪ್ಪಣ್ಣ, ನೆಕ್ರಾಜೆಯವರೇ, ಅಡಿಕೆ ವ್ಯಾಪಾರಿ. ಮಾತಿನ ಮನುಷ್ಯ. ಲ್ಯಾಬಿನ ಕಿಟಕಿಯಲ್ಲಿ ನಿಂತು, ನಾನು ರಶೀದಿ ಬರೆಯುವಷ್ಟರಲ್ಲಿ ನನ್ನ ತಂದೆಯ ಹೆಸರು, ಮನೆ, ನಮ್ಮ ತೋಟದ ಅಡಿಕೆ ಯಾರಿಗೆ ಹೋಗುತ್ತದೆ ಎಲ್ಲ ಕೇಳಿಯಾಗಿತ್ತು.

“ನಿಮ್ಮದೂ ನಮ್ಮದೂ ಒಂದೇ ಕೆಲಸ ಮಾರಾಯ್ತಿ. ಸೀಳಿ ನೋಡುವುದು. ಒಳಗೆ ಬಿಳಿ ಉಂಟಾ, ಕಪ್ಪು ಹಿಡಿದಿದೆಯಾ. ಚೀಲಕ್ಕೆ ನಾಲ್ಕು ಅಡಿಕೆ ಸೀಳಿದರೆ ಸಾಕು, ಇಡೀ ಚೀಲದ ಜಾತಕ ಹೇಳ್ತೇನೆ.”

“ಮಾರುವವರು ಒಳ್ಳೆಯ ನಾಲ್ಕನ್ನೇ ಮೇಲೆ ಇಟ್ಟಿದ್ದರೆ?”

“ಇಟ್ಟೇ ಇಡ್ತಾರೆ. ಅದಕ್ಕೇ ಕೊಳ್ಳುವವ ಚೀಲದ ಅಡಿಗೆ ಕೈ ಹಾಕಬೇಕು.” ನಕ್ಕರು. ಮತ್ತೆ ನಗು ನಿಲ್ಲಿಸಿ, “ಒಳ್ಳೆದೇ ಬರ್ತದಲ್ವಾ ವರದಿ? ನನಗೆ ಅಕ್ಕ ಅಂತ ಇರುವುದು ಇದೊಂದೇ” ಎಂದರು.

ಒಳಗೆ ಡಬ್ಬಿ ತೆರೆದೆವು. ಥೈರಾಯ್ಡ್ ಗ್ರಂಥಿಯ ಒಂದು ಭಾಗ, ಅದರೊಳಗೆ ಕಂದು ಬಣ್ಣದ, ಹೊಳೆಯುವ ಗಡ್ಡೆ. ಆದರೆ ಒಂದು ಕಡೆ ಚಪ್ಪಟೆ. ನಿಂಬೆಹಣ್ಣನ್ನು ಎರಡು ಮಾಡಿ ಒಂದನ್ನು ಇಟ್ಟ ಹಾಗೆ.

ಈ ಜಾತಿಯ ಗಡ್ಡೆಯ ಒಂದು ವಿಶೇಷ ನೀವು ತಿಳಿದಿರಬೇಕು. ಇದರಲ್ಲಿ ಸಾದಾ ಗಡ್ಡೆಯ ಕೋಶ, ಕ್ಯಾನ್ಸರಿನ ಕೋಶ ಎರಡೂ ಒಂದೇ ರೀತಿ ಕಾಣುತ್ತವೆ. ಮುಖ ನೋಡಿ ಹೇಳಲಿಕ್ಕೆ ಬರುವುದಿಲ್ಲ. ಸುತ್ತಲಿನ ಪೊರೆಯನ್ನು ಎಲ್ಲಿಯಾದರೂ ಒಂದು ಕಡೆ ಕೊರೆದು ಹೊರಗೆ ಹೋಗಿದೆಯೇ, ರಕ್ತನಾಳಕ್ಕೆ ಇಳಿದಿದೆಯೇ, ಅದೊಂದೇ ಪ್ರಶ್ನೆ. ಬೇಲಿಯ ಉದ್ದಕ್ಕೂ ನಡೆದು ನೋಡಬೇಕು. ಅರ್ಧ ಬೇಲಿ ನೋಡಿದರೆ ಏನೂ ನೋಡಿದ ಹಾಗಲ್ಲ.

“ಉಳಿದದ್ದು ಎಲ್ಲಿ? ಕೇಳಿ” ಎಂದರು ಲೀಲಾ ಡಾಕ್ಟರು.

ನಾನು ಆಸ್ಪತ್ರೆಗೆ ಫೋನು ಮಾಡಿದೆ. ಆಪರೇಷನ್ ಕೋಣೆಯ ಸಿಸ್ಟರ್ ಹೇಳಿದರು, “ತೆಗೆದದ್ದನ್ನು ಎಲ್ಲ ಡಬ್ಬಿಗೆ ಹಾಕಿ ಕೊಟ್ಟಿದ್ದೇವೆ, ನಾನೇ ಹಾಕಿದ್ದು.” ಹಾಗಾದರೆ ಇದ್ದದ್ದೇ ಇಷ್ಟು, ಗಡ್ಡೆ ಕುತ್ತಿಗೆಯಿಂದ ಬರುವಾಗಲೇ ಹೀಗೆ ಬಂದಿರಬೇಕು ಎಂದು ತೀರ್ಮಾನಿಸಿದೆ. ಸಿಸ್ಟರ್ ಹೇಳಿದ್ದು ನಿಜ. ನನ್ನ ತೀರ್ಮಾನ ಸುಳ್ಳು. ಆಸ್ಪತ್ರೆಯ ಮೇಜಿನಿಂದ ನಮ್ಮ ಕಿಟಕಿಯ ತನಕ ಆ ಡಬ್ಬಿ ಒಬ್ಬ ಮನುಷ್ಯನ ಕೈಯಲ್ಲಿತ್ತು. ಆ ಮನುಷ್ಯ ನನ್ನಿಂದ ಹತ್ತು ಹೆಜ್ಜೆ ದೂರದ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ನಾನು ಅವರನ್ನು ಕೇಳಲಿಲ್ಲ. ಎದುರು ಪಕ್ಷದ ವಾದವನ್ನು ತಲೆಯಲ್ಲೇ ಕಟ್ಟಿ, ತಲೆಯಲ್ಲೇ ಮುರಿಯುವುದು ಚರ್ಚಾಪಟುಗಳ ಅಭ್ಯಾಸ. ಕೇಳಬೇಕಾದವರನ್ನು ಕೇಳುವ ಅಭ್ಯಾಸ ನಮಗಿಲ್ಲ.

ವರದಿಯಲ್ಲಿ ಡಾಕ್ಟರು ಬರೆದರು: ಸಾದಾ ಗಡ್ಡೆ, ಬಂದಿರುವ ತುಂಡಿನಲ್ಲಿ ಪೊರೆ ಸರಿಯಾಗಿದೆ. ಕೆಳಗೆ ಇನ್ನೊಂದು ಸಾಲು: ಒಂದು ಬದಿ ಚಪ್ಪಟೆಯಾಗಿದ್ದು ಅಲ್ಲಿಯ ಪೊರೆ ನೋಡಲು ಸಿಕ್ಕಿಲ್ಲ, ತಪಾಸಣೆಗೆ ಬರುತ್ತಿರಬೇಕು. ಎರಡನೆಯ ಸಾಲನ್ನು ಯಾರೂ ಓದಲಿಲ್ಲ. ಐತಪ್ಪಣ್ಣ ಮೊದಲ ಎರಡು ಶಬ್ದ ಕೇಳಿ ಕಿಟಕಿಯಲ್ಲೇ ಅತ್ತುಬಿಟ್ಟರು, ಮರುದಿನ ನಮಗೆಲ್ಲ ಒಂದು ಗೊನೆ ಕದಳಿ ಬಾಳೆಹಣ್ಣು ಕಳಿಸಿದರು. ನಾನೂ ತಿಂದೆ.

ಆರು ವರ್ಷ ಕಳೆಯಿತು. ಈಗ ಡಬ್ಬಿಗಳು ಮನೆಯವರ ಕೈಯಲ್ಲಿ ಬರುವುದು ಕಡಿಮೆ. ಕೊರಿಯರಿನವರು ತರುತ್ತಾರೆ, ಚೀಟಿಯ ಜಾಗದಲ್ಲಿ ಬಾರ್‌ಕೋಡು, ಹೆಸರಿನ ಬದಲು ನಂಬರು. ಒಳ್ಳೆಯದೇ. ದಾರಿಯಲ್ಲಿ ಯಾರೂ ತೆರೆಯುವುದಿಲ್ಲ. ಕಿಟಕಿಯಲ್ಲಿ ನಿಲ್ಲುವವರೂ ಇಲ್ಲ. ನಾವು ಯಾರದ್ದನ್ನು ಕೊಯ್ಯುತ್ತೇವೆ ಎಂದು ನಮಗೆ ತಿಳಿಯುವುದಿಲ್ಲ.

ಕೆಲಸ ಬಿಡುವ ಎರಡು ತಿಂಗಳ ಮುಂಚೆ ಹಾಗೆ ಒಂದು ನಂಬರು ಬಂತು. ತಲೆಬುರುಡೆಯ ಮೇಲೆ ಎದ್ದ ಗಂಟಿನಿಂದ ತೆಗೆದ ಚೂರು, ಮೂಳೆ ಸೇರಿದಂತೆ. ಮಾಸ್ಕಿನ ಮೇಲೆ ಮಾಸ್ಕು ಹಾಕಿಕೊಂಡು ನಾನೇ ಕೊಯ್ದೆ, ನಾನೇ ಬಣ್ಣ ಹಾಕಿದೆ. ಡಾಕ್ಟರಿಗೆ ಕೊಡುವ ಮುಂಚೆ ಬಣ್ಣ ಹಿಡಿದಿದೆಯೇ ಎಂದು ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡುವುದು ಕ್ರಮ. ನೋಡಿದೆ.

ಮೂಳೆಯ ನಡುವೆ ಗುಲಾಬಿ ಬಣ್ಣದ ಸಣ್ಣ ಸಣ್ಣ ಕೊಳಗಳು. ಪ್ರತಿ ಕೊಳದ ಸುತ್ತ ಒಂದೇ ಸಾಲಿನಲ್ಲಿ, ಅಚ್ಚುಕಟ್ಟಾಗಿ ಕೂತ ಕೋಶಗಳು. ಈ ಚಿತ್ರ ಇಡೀ ದೇಹದಲ್ಲಿ ಒಂದೇ ಕಡೆ ಇರುವುದು, ಕುತ್ತಿಗೆಯಲ್ಲಿ, ಥೈರಾಯ್ಡಿನಲ್ಲಿ. ತಲೆಬುರುಡೆಯ ಒಳಗೆ ಕುತ್ತಿಗೆ ಕೂತುಕೊಂಡು ತನ್ನ ಕೆಲಸ ಮಾಡುತ್ತಿತ್ತು.

ನೀರಿನಲ್ಲಿ ತೇಲಿಬಂದದ್ದು ಎಂದುಕೊಂಡೆ. ಹಳೆಯ ತಪ್ಪು, ಬೇರೆ ಯಾರದ್ದೋ ಚೂರು. ಸಮಾಧಾನವೇ ಆಯಿತು. ತಟ್ಟೆಯ ನೀರು ಚೆಲ್ಲಿದೆ, ತೊಳೆದೆ, ಹೊಸ ನೀರು, ಹೊಸ ಬ್ಲೇಡು. ಪುನಃ ಕೊಯ್ದೆ. ಅದೇ ಕೊಳಗಳು. ಇನ್ನೊಮ್ಮೆ. ಅದೇ. ಅವು ಯಾವ ಗಲಿಬಿಲಿಯೂ ಇಲ್ಲದೆ, ಸ್ವಂತ ಮನೆಯಲ್ಲಿ ಕೂತ ಹಾಗೆ ಕೂತಿದ್ದವು. ಆಮೇಲೆ ಕಂಪ್ಯೂಟರಿನಲ್ಲಿ ನಂಬರು ಹಾಕಿ ಹೆಸರು ನೋಡಿದೆ. ಕಮಲ, ನೆಕ್ರಾಜೆ.

ಲೀಲಾ ಡಾಕ್ಟರು ಸ್ಲೈಡನ್ನು ಬಹಳ ಹೊತ್ತು ನೋಡಿದರು. “ಹಳೆಯ ಬ್ಲಾಕು ತೆಗೆಯಿರಿ” ಎಂದರು, ಅಷ್ಟೆ. ಕಪಾಟಿನಲ್ಲಿ ಆರು ವರ್ಷದ ಹಿಂದಿನ ಡ್ರಾಯರು. ಕಮಲಕ್ಕನ ಬಿಲ್ಲೆಗಳು ಅಲ್ಲೇ ಇದ್ದವು. ಮೇಣ ಮುಗಿಯುವ ತನಕ ಕೊಯ್ದೆವು. ಪೊರೆ ಎಲ್ಲ ಕಡೆ ಸರಿಯಾಗಿತ್ತು, ಚಪ್ಪಟೆ ಬದಿಯ ತನಕ. ಆ ಬದಿಯಲ್ಲಿ ಅಂಚು ಜಜ್ಜಿದ ಹಾಗಿತ್ತು. ಸರ್ಜನ್ನನ ಬ್ಲೇಡು ಜಜ್ಜುವುದಿಲ್ಲ.

“ನಮ್ಮ ಅರ್ಧ ಸುಳ್ಳು ಹೇಳಲಿಲ್ಲ” ಎಂದರು ಡಾಕ್ಟರು. ನನ್ನ ಮುಖ ನೋಡಲಿಲ್ಲ.

ಹೋದ ಭಾನುವಾರ ನಾನು ನೆಕ್ರಾಜೆಗೆ ಹೋದೆ. ಲ್ಯಾಬಿನವಳಾಗಿ ಅಲ್ಲ, ಆ ಅಧಿಕಾರ ಈಗ ನನಗಿಲ್ಲ. ಕಮಲಕ್ಕ ಚಿಕಿತ್ಸೆ ಬೇಡವೆನ್ನುತ್ತಿದ್ದಾರೆ ಎಂದು ಲೀಲಾ ಡಾಕ್ಟರು ಫೋನಿನಲ್ಲಿ ಹೇಳಿದ್ದರು. “ನಿಮಗೆ ವಾದ ಮಾಡಲಿಕ್ಕೆ ಬರ್ತದಲ್ಲ. ಒಮ್ಮೆ ಉಪಯೋಗಕ್ಕೆ ಬರಲಿ.”

ಚಿಕಿತ್ಸೆ ಇದು: ಕುತ್ತಿಗೆಯಲ್ಲಿ ಉಳಿದಿರುವ ಥೈರಾಯ್ಡನ್ನು ಪೂರ್ತಿ ತೆಗೆಯಬೇಕು. ಆಮೇಲೆ ವಿಕಿರಣ ಸೇರಿಸಿದ ಅಯೋಡಿನ್ ಕುಡಿಸುತ್ತಾರೆ. ಥೈರಾಯ್ಡಿನ ಕೋಶಕ್ಕೆ ಅಯೋಡಿನ್ ಎಂದರೆ ಹಸಿವು. ತಲೆಗೆ ಹೋಗಿ ಕೂತವು ಎಲ್ಲವನ್ನೂ ಮರೆತರೂ ಆ ಹಸಿವನ್ನು ಹೆಚ್ಚಾಗಿ ಮರೆತಿರುವುದಿಲ್ಲ, ಕುಡಿಯುತ್ತವೆ, ಸಾಯುತ್ತವೆ. ಕಮಲಕ್ಕ ಉಳಿಯುವ ದಾರಿ ಇದು. ಆದರೆ ಮೊದಲ ಹೆಜ್ಜೆಗೆ ಕತ್ತಿ ಬೇಕು. ಅದಕ್ಕೇ ಅವರು ಒಲ್ಲೆ ಎನ್ನುತ್ತಿದ್ದದ್ದು. ಆಸ್ಪತ್ರೆಯವರು ಕೊಟ್ಟ ದಿನಕ್ಕೆ ಇನ್ನು ಐದು ದಿನ ಉಂಟು.

ಕಮಲಕ್ಕ ಚಾವಡಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ತಲೆಗೆ ಸೆರಗು. ಐತಪ್ಪಣ್ಣ ಅದೇ ಹಿತ್ತಿಲಿನ ಆಚೆ ಮನೆಯವರು, ನನ್ನ ದನಿ ಕೇಳಿ ಬಂದು ಮೆಟ್ಟಿಲಿನ ಮೇಲೆ ಕೂತರು. ಕೈಯಲ್ಲಿ ಮಾದರಿ ಅಡಿಕೆಯ ಸಣ್ಣ ಚೀಲ, ಸೀಳುವ ಚಿಕ್ಕ ಕತ್ತಿ.

“ಬಾ, ಕೈ ಇಡು” ಎಂದರು ಕಮಲಕ್ಕ, ಸೆರಗು ಸರಿಸಿ. ಹಣೆಯ ಮೇಲೆ, ಕೂದಲಿನ ಅಂಚಿನಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಗಂಟು. ಕೈ ಇಟ್ಟೆ. ಬೆಚ್ಚಗಿತ್ತು. ಮಿಡಿಯುತ್ತಿತ್ತು.

“ಗೊತ್ತಾಯಿತಾ? ನಾನು ಮಾತಾಡಿದರೆ ಜೋರಾಗ್ತದೆ. ಕೇಳಿಸಿಕೊಳ್ತದೆ ಅದು.”

“ರಕ್ತನಾಳ ಹೆಚ್ಚು ಇರುವುದಕ್ಕೆ ಅಕ್ಕ. ನಿಮ್ಮ ಎದೆಯ ಬಡಿತವೇ ಅದು.”

“ಮತ್ತೆ ನಿನ್ನ ಕೈ ಯಾಕೆ ತಣ್ಣಗಾಯಿತು?”

ಕೈ ತೆಗೆದೆ. ನನ್ನ ವಾದ ಶುರು ಮಾಡಿದೆ. ಕತ್ತಿಯಿಂದ ಎಂದೂ ಹರಡುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ, ತೀರಾ ಅಪರೂಪಕ್ಕೆ ಉಂಟು, ಅದಕ್ಕೇ ಸರ್ಜನ್ನರು ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆಯುತ್ತಾರೆ. ಈ ಜಾತಿ ಸುತ್ತಲಿನ ಪೊರೆಯ ಬೇಲಿ ಮುರಿದು ರಕ್ತದ ದಾರಿಯಲ್ಲಿ ಹೋಗುತ್ತದೆ. ಕತ್ತಿ ಬರುವ ಎಷ್ಟೋ ಮುಂಚೆ ಹೊರಟು ಮೂಳೆಯಲ್ಲಿ ಕೂತು, ವರ್ಷಗಟ್ಟಲೆ ಸುಮ್ಮನಿರುತ್ತದೆ. ಕತ್ತಿಗೆ ಗಡ್ಡೆ ಸಿಟ್ಟಾಗುವುದಿಲ್ಲ. ಅದಕ್ಕೆ ಸಿಟ್ಟು ಎಂಬುದಿಲ್ಲ.

ಕಮಲಕ್ಕ ಎಲೆ ಸುತ್ತುತ್ತಲೇ ಕೇಳಿದರು. “ಹೊರಟದ್ದನ್ನು ನೀನು ನೋಡಿದ್ದೀಯಾ?”

“ಇಲ್ಲ.”

“ಬೇಲಿ ಮುರಿದದ್ದು?”

“ನಾವು ನೋಡಿದ ತುಂಡಿನಲ್ಲಿ ಮುರಿದಿರಲಿಲ್ಲ.”

“ಮತ್ತೆಂತ ಮಾರಾಯ್ತಿ? ಬೇಲಿ ಸರಿ ಇತ್ತು ಅಂತ ನಿಮ್ಮದೇ ವರದಿ. ಕತ್ತಿ ತಾಗಿತು. ಆಮೇಲೆ ಇದು ಬಂತು. ಊರವರು ಹೇಳುವುದೂ ಅದನ್ನೇ ಅಲ್ವಾ?”

ಒಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕಟ್ಟಿಹಾಕಿರಲಿಲ್ಲ, ಅದೂ ನನ್ನದೇ ಸಾಕ್ಷಿಯಿಂದ. ನನಗೆ ಒಂದೇ ದಾರಿ ಉಳಿದಿತ್ತು. “ಅಕ್ಕ, ನಮಗೆ ಸಿಕ್ಕಿದ್ದು ಅರ್ಧ ಗಡ್ಡೆ. ಇನ್ನರ್ಧ ಎಲ್ಲಿ ಹೋಯಿತೋ ಗೊತ್ತಿಲ್ಲ.”

“ಗೊತ್ತಿಲ್ಲದೆ ಎಂತ? ಇಲ್ಲೇ ಉಂಟು.” ಅವರು ಬೀಡಿ ಹಿಡಿದ ಕೈಯಿಂದಲೇ ಅಂಗಳದ ಆಚೆ ದಾಸವಾಳದ ಗಿಡ ತೋರಿಸಿದರು. “ನಾನೇ ಇವನಿಗೆ ಹೇಳಿದ್ದು. ನನ್ನ ಮೈಯಿಂದ ತೆಗೆದದ್ದು ಆಸ್ಪತ್ರೆಯ ಮೋರಿಗೆ ಹೋಗಬಾರದು, ನಮ್ಮ ಮಣ್ಣಿಗೆ ಸೇರಬೇಕು. ಅಮ್ಮನ ಬೆರಳು ತೆಗೆದಾಗಲೂ ಹಾಗೇ ಮಾಡಿದ್ದು.”

ಐತಪ್ಪಣ್ಣ ಅಡಿಕೆ ಸೀಳುತ್ತಾ ತಲೆ ಎತ್ತದೆ ಹೇಳಿದರು, “ಲ್ಯಾಬಿನವರು ಹಿಂದೆ ಕೊಡುವುದಿಲ್ಲ ಅಂತ ಆಸ್ಪತ್ರೆಯಲ್ಲೇ ಹೇಳಿದ್ದರು. ಹಾಗೆ ಅರ್ಧ ಮಾಡಿದೆ, ದಾರಿಯಲ್ಲಿ, ನಮ್ಮ ಅಂಗಡಿಯಲ್ಲಿ. ಅರ್ಧ ಸಾಕಲ್ವಾ ನೋಡಲಿಕ್ಕೆ? ನಾವು ಇಡೀ ಚೀಲ ಸೀಳ್ತೇವಾ?”

“ಈ ಕತ್ತಿಯಲ್ಲಾ?”

“ಇದೇ.”

ನಾನು ಗಿಡ ನೋಡಿದೆ. ಕೆಂಪು ದಾಸವಾಳ, ಆಳೆತ್ತರ. ಅದರ ಬುಡದಲ್ಲಿ ಈಗ ಏನೂ ಉಳಿದಿರುವುದಿಲ್ಲ, ಆರು ಮಳೆಗಾಲ ಕಳೆದಿದೆ. ನನಗೆ ಗೊತ್ತು. ಆದರೂ ಎದ್ದು ಹೋಗಿ ಅಗೆಯಬೇಕು ಎನಿಸಿತು. ಕೈ ಬೆರಳುಗಳು ಉರಿಯತೊಡಗಿದವು, ಫಾರ್ಮಲಿನ್ ಮುಟ್ಟಿದ ಹಾಗೆ.

“ಅಕ್ಕ, ಅದನ್ನು ನೀವು ನೋಡಿದಿರಾ?”

“ಇಲ್ಲಪ್ಪ. ನಾನು ಆಸ್ಪತ್ರೆಯಲ್ಲೇ ಇದ್ದೆ. ಇವನೇ ಬಾಳೆಲೆಯಲ್ಲಿ ಕಟ್ಟಿ ತಂದು ಹಾಕಿದ್ದು. ಇವ ನೋಡಿದ್ದಾನೆ.” ಅವರು ಸುತ್ತುವುದನ್ನು ನಿಲ್ಲಿಸಿದರು. ಬೀಡಿ ಮೊರದಲ್ಲಿ ಬಿಚ್ಚಿಕೊಂಡಿತು. “ಆ ಅರ್ಧದಲ್ಲಿ ಬೇಲಿ ಮೊದಲೇ ಮುರಿದಿದ್ದರೆ, ಅದು ಕತ್ತಿಯದ್ದಲ್ಲ ಅಂತ ಆಗ್ತದಲ್ವಾ?”

“ಹೌದು ಅಕ್ಕ.”

“ಹಾಗಾದರೆ ನಾನು ಹೋಗ್ತೇನೆ. ಕುತ್ತಿಗೆ ಕೊಡ್ತೇನೆ. ಆದರೆ ನಿನ್ನ ಪುಸ್ತಕ ಹೇಳಿದ್ದಕ್ಕೆ ಅಲ್ಲ. ಕಂಡವರು ಹೇಳಬೇಕು.”

ಕೊಳೆತ ಅಡಿಕೆ ಸೀಳಿದರೆ ಒಳಗೆ ಬಿಳಿಯ ನಡುವೆ ಕಪ್ಪು ಗೆರೆ ಹೊರಗಿನ ತನಕ ಹರಿದಿರುತ್ತದೆ. ಪೊರೆ ದಾಟಿದ ಗಡ್ಡೆಯೂ ಕೆಲವೊಮ್ಮೆ ಹಾಗೆಯೇ, ಕಂದು ಬಣ್ಣದಿಂದ ಒಂದು ಬೆಳ್ಳಗಿನ ನಾಲಗೆ ಹೊರಗೆ ಚಾಚಿರುತ್ತದೆ. ಬರಿಗಣ್ಣಿಗೆ ಕಾಣುವುದೂ ಉಂಟು. ಮೂವತ್ತು ವರ್ಷ ಸೀಳಿದ್ದನ್ನು ನೋಡಿಯೇ ಬದುಕಿದ ಕಣ್ಣು ಐತಪ್ಪಣ್ಣನದು. ಚಿಟಕ್ ಎಂದು ಒಂದು ಅಡಿಕೆ ಸೀಳಿತು. ಅವರು ಎರಡು ಹೋಳನ್ನೂ ಅಂಗೈಯಲ್ಲಿ ಮಗುಚಿಟ್ಟು ನೋಡಿದರು, ಬಿಳಿಯಿದ್ದ ಒಂದನ್ನು ಮುಂದಕ್ಕೆ ಇಟ್ಟರು, ಕಪ್ಪು ಹಿಡಿದ ಇನ್ನೊಂದನ್ನು ಮುಷ್ಟಿಯೊಳಗೆ ಎಳೆದುಕೊಂಡರು. ಬೇಕೆಂದು ಮಾಡಿದ್ದಲ್ಲ. ಕೈಯ ಅಭ್ಯಾಸ.

ಕಮಲಕ್ಕ ಅವರನ್ನೇ ನೋಡುತ್ತಿದ್ದರು. ಹಣೆಯ ಗಂಟು ಸೆರಗಿನ ಅಡಿಯಲ್ಲಿ ಏಳುತ್ತಾ ಇಳಿಯುತ್ತಾ ಇತ್ತು. ಆರು ವರ್ಷದ ಹಿಂದೆ ಬೆಂಚಿನ ಬಳಿ ಹೋಗಿ ಕೇಳಬೇಕಾಗಿದ್ದದ್ದನ್ನು ನಾನು ಈಗ ಕೇಳಿದೆ.

“ಐತಪ್ಪಣ್ಣ, ಆ ದಿವಸ ಎರಡು ಹೋಳೂ ನಿಮ್ಮ ಕೈಯಲ್ಲೇ ಇತ್ತು. ನನಗೆ ಬೇಲಿ ಸರಿ ಇದ್ದ ಹೋಳನ್ನೇ ಯಾಕೆ ತಂದು ಕೊಟ್ಟದ್ದು?”